ತೊಟ್ಟಿಲ ಹಾಡಿನೊಳಗೆ ಯಾರದೋ ಗುಣುಗುಣು

ಸೋದರಮಾವನಾದವನು ಕೂಸಿಗೆ ಬೆಳ್ಳಿ ಉಡಿದಾರ ಕೊಟ್ಟು ಸುಮ್ಮನಾಗುವುದು ವಾಡಿಕೆ. ವಡಾಲದ ಗುರುಬಸವನಿಗೆ ಅಷ್ಟು ಸಾಲಲಿಲ್ಲ. ಬೆಳಗಾವಿಯಲ್ಲಿ ತಂಗಿ ಸ್ನೇಹಲಳ ಮಗಳನ್ನು ತೊಟ್ಟಿಲಿಗೆ ಹಾಕುವ ದಿನಕ್ಕೆ, ತಾನೇ ಬರೆದು, ತಾನೇ ಹಾಡಿ, ಮನೆಯ ಕಂಪ್ಯೂಟರಿನಲ್ಲೇ ರೆಕಾರ್ಡ್ ಮಾಡಿದ ಜೋಗುಳ ಕಳಿಸುತ್ತೇನೆಂದು ಫ್ಯಾಮಿಲಿ ಗ್ರೂಪಿನಲ್ಲಿ ಘೋಷಿಸಿಬಿಟ್ಟ. ಪವಾಯಿಯ ಆಫೀಸಿನಲ್ಲಿ ರಜೆ ಸಿಕ್ಕಿರಲಿಲ್ಲ. ತಾನು ಹೋಗದಿದ್ದರೂ ತನ್ನ ಕಂಠವಾದರೂ ಹೋಗಲಿ ಎಂಬ ಆಸೆ. (ಕಂಠವನ್ನು ಯಾರೂ ಕರೆದಿರಲಿಲ್ಲ, ಆ ಮಾತು ಬೇರೆ.)

ಹಾಡಿದ್ದಾಯಿತು. ಹಾರ್ಮೋನಿಯಂ, ತಬಲಾ, ಗೆಜ್ಜೆ, ತಂಬೂರಿ, ಎಲ್ಲಕ್ಕೂ ಒಂದೊಂದು ಟ್ರ್ಯಾಕ್. ಗರ್ಭಗುಡಿಯಲ್ಲಿ ಹಾಡಿದಂತೆ ಮೊಳಗಲೆಂದು ಪ್ರತಿ ಟ್ರ್ಯಾಕಿಗೂ ರಿವರ್ಬ್ ಎಂಬ ಎಫೆಕ್ಟನ್ನು ಅಂಟಿಸಿದ. ಪ್ಲೇ ಒತ್ತಿದರೆ ಜೋಗುಳಕ್ಕೆ ಬಿಕ್ಕಳಿಕೆ. ಚಟಪಟ, ಚಟಪಟ.

"ರೀ, ಯಾರರ ಕಡ್ಲಿ ಹುರಿಯಾಕತ್ತಾರೇನು?" ಅಡುಗೆಮನೆಯಿಂದ ಹೆಂಡತಿ ನೇತ್ರಾಳ ದನಿ ಬಂತು.

"ಜೋಗುಳಾ ಅದು!"

"ಹೌದೇನು? ಹಂಗಾರ ಕೂಸು ಮಲಗಿದಂಗ ಬಿಡ್ರಿ."

ಗುರುಬಸವನಿಗೆ ಸಿಟ್ಟಿಗಿಂತ ಕುತೂಹಲವೇ ಜಾಸ್ತಿಯಾಯಿತು. ಕಂಪ್ಯೂಟರಿಗೆ ಉಸಿರಾಡಲು ಕೊಂಚ ಬಿಡುವು ಕೊಡುವ ಬಫರ್ ಎಂಬುದನ್ನು ಹೆಚ್ಚಿಸಿದ. ಬಿಕ್ಕಳಿಕೆ ಅರ್ಧ ನಿಂತಿತು. ಆಮೇಲೆ ಹೊಳೆಯಿತು: ಟ್ರ್ಯಾಕಿಗೊಂದರಂತೆ ಗರ್ಭಗುಡಿ ಕಟ್ಟಿಸಿದರೆ ಹಳೆಯ ಕಂಪ್ಯೂಟರ್ ಹೊರುವುದಾದರೂ ಹೇಗೆ? ಒಂದೇ ಗುಡಿ ಕಟ್ಟಿ ಎಲ್ಲ ಧ್ವನಿಗಳನ್ನೂ ಅಲ್ಲಿಗೇ ಕಳಿಸಿದರಾಯಿತು! ರಿವರ್ಬಿಗೆಂದೇ ಬೇರೊಂದು ಟ್ರ್ಯಾಕ್ ಮಾಡಿ, ಎಲ್ಲವನ್ನೂ ಅದರತ್ತ ತಿರುಗಿಸಿದ. ಹಾಡು ಎಣ್ಣೆಯ ಧಾರೆಯಂತೆ ಹರಿಯಿತು.

ಆದರೆ ಸಾಲು ಸಾಲಿನ ನಡುವೆ ಯಾರೋ ಹೆಂಗಸು ಗುಣುಗುಟ್ಟುತ್ತಿದ್ದಳು.

ತಬಲಾ ನಿಲ್ಲಿಸಿದ, ಗೆಜ್ಜೆ ನಿಲ್ಲಿಸಿದ, ಎದೆ ಗಟ್ಟಿ ಮಾಡಿಕೊಂಡು ತನ್ನ ಕಂಠವನ್ನೂ ನಿಲ್ಲಿಸಿದ. ಹೆಂಗಸು ನಿಲ್ಲಲಿಲ್ಲ. ಎಲ್ಲಕ್ಕಿಂತ ಕೆಳಗೆ ಒಂದು ಬೇಡದ ಟ್ರ್ಯಾಕ್ ಬಿದ್ದಿತ್ತು. ಅದರ ಸದ್ದಿನ ಗುಂಡಿಯನ್ನು ತಳಕ್ಕೆ ಎಳೆದಿದ್ದರಿಂದ ಅವನು ಅತ್ತ ನೋಡಲೇ ಇಲ್ಲ.

ಅಷ್ಟರಲ್ಲಿ ತಾಯಿ ಬಸಲಿಂಗವ್ವ ಬಾಗಿಲಲ್ಲಿ ಕೈಮುಗಿದು ನಿಂತಿದ್ದರು. "ನಮ್ಮವ್ವನ ದನಿ ಇದು! ಮರಿಮೊಮ್ಮಗಳ ತೊಟ್ಲಾ ತೂಗಾಕ ಬಂದಾಳ!"

"ಅವ್ವಾ, ಇದು ಸಾಫ್ಟ್‌ವೇರ್‌ದಾಗಿನ ಏನೋ ಗೊಂದಲಾ..."

"ಅಳಿಸಿದ್ರ ನನ್ನಾಣಿ ಐತಿ ನಿನಗ!"

ನೇತ್ರಾ ಕೂಡ ಬಂದು ಸ್ಪೀಕರಿಗೆ ಕಿವಿಯಿಟ್ಟಳು. "ಮಾತು ತಿಳೀವಲ್ದು. ಆದ್ರ ಭಾಳ ಮನಸಿನಾಗಿಂದ ಹೇಳಾಕತ್ತಾಳ್ರೀ, ಪಾಪ."

ಆಣೆ ಮೀರುವಂತಿರಲಿಲ್ಲ. ಗುಣುಗುಣು ಸಮೇತ ಜೋಗುಳ ಬೆಳಗಾವಿಗೆ ಹೋಯಿತು.

ತೊಟ್ಟಿಲ ಕಾರ್ಯ ಮುಗಿದ ಮೇಲೆ ಸ್ನೇಹಲಳ ಫೋನ್ ಬಂತು. "ಅಣ್ಣಾ, ಬ್ಯಾಸರಾ ಮಾಡ್ಕೋಬ್ಯಾಡ. ನೀ ಹಾಡಿದಾಗೆಲ್ಲಾ ಕೂಸು ಚೀರತೈತಿ. ನಡುವ ಆ ಗುಣುಗುಣು ಬಂತಂದ್ರ ಕಣ್ಣ ಮುಚ್ಚತೈತಿ. ಅದನ್ನಷ್ಟ ಕಳಸ್ತೀಯೇನು? ಒಂದು ತಾಸಿಂದು ಮಾಡು, ನಾನೂ ನಿದ್ದಿ ಮಾಡ್ತೀನಿ."

ಅವಮಾನವನ್ನು ನುಂಗಿಕೊಂಡು ಗುರುಬಸವ ಭಾನುವಾರ ಮಧ್ಯಾಹ್ನ ಮತ್ತೆ ಕುಳಿತ. ಈ ಸಲ ಆ ಬೇಡದ ಟ್ರ್ಯಾಕನ್ನೂ ತಡಕಿದ. ಅದು ಇನ್ನೊಮ್ಮೆ ಹಾಡಿ ನೋಡಲೆಂದು ಅವನೇ ತೆರೆದಿದ್ದ ಟ್ರ್ಯಾಕ್. ಎಲ್ಲವನ್ನೂ ಗುಡಿಯತ್ತ ತಿರುಗಿಸಿದಾಗ ಇದರ ಧ್ವನಿಗೂ ಅದೇ ದಾರಿಯಾಗಿತ್ತು. ಅದೂ ಸದ್ದಿನ ಗುಂಡಿಯನ್ನು ತಲುಪುವ ಮೊದಲೇ ಹೊರಟುಬಿಡುವಂತೆ! ಮುಂಬಾಗಿಲು ಮುಚ್ಚಿದ್ದರೂ ಹಿತ್ತಿಲ ಬಾಗಿಲು ತೆರೆದೇ ಇತ್ತು. ಹೆಡ್‌ಫೋನ್ ಹಾಕಿಕೊಂಡು, ರಿವರ್ಬ್ ತೆಗೆದು, ಗುಂಡಿ ಮೇಲೇರಿಸಿದ.

ಜೋಗುಳ ಹಾಡಿದ ದಿನ ಅವನು ರೆಕಾರ್ಡಿಂಗ್ ನಿಲ್ಲಿಸದೆ ಕೊರಿಯರ್ ತರಲು ಕೆಳಗಿಳಿದಿದ್ದ. ಆಗ ನೇತ್ರಾ ಅದೇ ಕೋಣೆಯಲ್ಲಿ ತನ್ನ ಅಕ್ಕನೊಂದಿಗೆ ಫೋನಿನಲ್ಲಿದ್ದಳು.

"ಹಾಡು ಅನಬ್ಯಾಡಕ್ಕಾ ಅದಕ್ಕ! ಇವರು ಬಾಯಿ ತೆರೆದ್ರ ಕಿಟಕ್ಯಾಗಿನ ಪಾರಿವಾಳ ಹಾರಿ ಹೋಗತಾವ. ಕೂಸಿನ ಪುಣ್ಯಾ, ಬೆಳಗಾವಿ ದೂರ ಐತಿ..."

ಗುರುಬಸವ ಹೆಡ್‌ಫೋನ್ ತೆಗೆದ. ಹೊರಗಿನ ಕೋಣೆಯಲ್ಲಿ ತಾಯಿ ಪಕ್ಕದ ಮನೆಯ ಗುರುಬಾಯಿಗೆ, ಸ್ವರ್ಗದಿಂದ ಬಂದ ಅವ್ವನ ಕಥೆಯನ್ನು ಕಣ್ಣೊರೆಸಿಕೊಳ್ಳುತ್ತ ಹೇಳುತ್ತಿದ್ದರು. ಈಗ ನಿಜ ಹೇಳುವುದೆಂತು? ಅತ್ತ ಕೂಸು ಬೇರೆ ನಿದ್ದೆಗೆ ಕಾದಿದೆ. ಇರುವುದೋ ನಾಲ್ಕು ಮಾತು. ತಾಸಿಗೆಲ್ಲಿ ಸಾಕು?

ಕೊನೆಗೆ ಮೈಕನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿ ನೇತ್ರಾಳ ಎದುರಿಗೆ ಇಟ್ಟ.

"ನಿಮ್ಮಕ್ಕಗ ಫೋನ್ ಹಚ್ಚು."

"ಯಾಕ್ರೀ?"

"ಮಾತಾಡು."

"ಏನಂತ?"

ಅವನು ದನಿ ತಗ್ಗಿಸಿದ. "ನನ್ನ ಬಗ್ಗೆ. ಅವತ್ತು ಮಾತಾಡಿದ್ಯಲ್ಲ, ಹಂಗ. ಒಂದು ತಾಸು ಬೇಕು."

ನೇತ್ರಾ ಮೈಕನ್ನು ನೋಡಿದಳು, ಗಂಡನ ಮುಖ ನೋಡಿದಳು. ಎಲ್ಲವೂ ತಿಳಿದಂತೆ ಗ್ಯಾಸ್ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು, ಕುರ್ಚಿ ಎಳೆದುಕೊಂಡು ಆರಾಮಾಗಿ ಕುಳಿತಳು.

"ಬರೇ ಹಾಡೋದರ ಬಗ್ಗೆನೋ," ಎಂದಳು, "ಇಲ್ಲಾ ಮದುವಿಯಿಂದ ಹಿಡದು ಹೇಳ್ಲ್ಯೋ?"

ಗುರುಬಸವ ರೆಕಾರ್ಡ್ ಗುಂಡಿ ಒತ್ತಿದ.