ಸಾಯಲೊಲ್ಲದ ಹುಲ್ಲು

ಬೆಂಗಳೂರಿನ ನಮ್ಮ ಕಡೆ ಒಬ್ಬ ಮನುಷ್ಯ ಕುಕ್ಕರಗಾಲಲ್ಲಿ ಕೂತು ನೆಲ ನೋಡಿದರೆ ಸಾಕು, ಸಹಾಯಕ್ಕೆ ಯಾರಾದರೂ ಬಂದೇ ಬರುತ್ತಾರೆ. ಬೇಡವೆಂದರೂ ಬಿಡುವುದಿಲ್ಲ. ಸಸ್ಯಶಾಸ್ತ್ರದ ಮೇಷ್ಟ್ರಾಗಿ ನಿವೃತ್ತನಾದ ಮೇಲೆ ನನಗೆ ಇದು ಆಗುತ್ತಲೇ ಇದೆ.

ಹೋದ ಮಳೆಗಾಲದಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನು ಮಾಡಿದಳು. ನಮ್ಮ ಸುತ್ತಿನ ಹುಲ್ಲುಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದಳು. ಖಾಲಿ ಸೈಟುಗಳಲ್ಲಿ ಗುಲಾಬಿ ಬಣ್ಣದ ತೆನೆ ಬಿಟ್ಟು ನಿಲ್ಲುವ, ಆಫ್ರಿಕಾದಿಂದ ಬಂದ ನೇಟಾಲ್ ಹುಲ್ಲು ನಮ್ಮಲ್ಲಿ ಒಂದೇ ವರ್ಷ ಬದುಕುತ್ತದೋ, ಹಲವು ವರ್ಷವೋ ಎಂದು ಕೇಳಿದಳು. ಪುಸ್ತಕಗಳು ಎರಡನ್ನೂ ಹೇಳುತ್ತವೆ. ನಾನು ಒಂದನ್ನೇ ಹೇಳಿದೆ: "ಒಂದೇ ವರ್ಷ. ಬೀಜ ಉದುರಿಸಿ ಸಾಯುತ್ತೆ. ಬೇಕಾದ್ರೆ ಬೆಳೆಸಿ ತೋರಿಸ್ತೀನಿ."

ಆಡಿದ ಮಾತು ಉಳಿಸಿಕೊಳ್ಳಬೇಕಲ್ಲ. ಬೇರು ಸಮೇತ ಒಂದು ಗಿಡ ಹುಡುಕಿ ಹೊರಟೆ.

ಕಾರ್ನರ್ ಸೈಟು

ಜೆ.ಪಿ. ನಗರದ ಒಂದು ಖಾಲಿ ಸೈಟಿನಲ್ಲಿ ಹುಲ್ಲು ಸಿಕ್ಕಿತು. ಭೂತಗನ್ನಡಿ ಹಿಡಿದು ಬಗ್ಗಿದೆ. ಏಳುವಷ್ಟರಲ್ಲಿ ಬೆನ್ನ ಹಿಂದೆ ಒಬ್ಬ ಬ್ರೋಕರು.

"ಮಣ್ಣು ಸಖತ್ತಾಗಿದೆ ಸಾರ್. ಪೂರ್ವಕ್ಕೆ ರೋಡು. ಓನರ್‌ಗೆ ಫೋನ್ ಹಾಕ್ಲಾ?"

"ನಾನು ಹುಲ್ಲು ನೋಡೋಕೆ ಬಂದಿರೋದು."

ಅವನು ಅನುಭವಸ್ಥನಂತೆ ತಲೆಯಾಡಿಸಿದ. "ರೇಟು ಕೇಳೋ ಮುಂಚೆ ಎಲ್ಲರೂ ಹಿಂಗೇ ಏನೋ ಒಂದು ಹೇಳ್ತಾರೆ ಸಾರ್."

ಏನು ಬಿತ್ತು?

ಬ್ರೋಕರನಿಂದ ಬರಿಗೈಲಿ ತಪ್ಪಿಸಿಕೊಂಡು ಬಂದರೆ, ತಿಲಕ್ ನಗರದ ಮೋರಿ ಪಕ್ಕ ಇನ್ನೂ ಚೆನ್ನಾದ ಗಿಡಗಳಿದ್ದವು. ಕೂತೆ. ಸ್ಕೂಟರ್ ನಿಲ್ಲಿಸಿ ಒಬ್ಬರು, "ಏನ್ ಬಿತ್ತು ಅಂಕಲ್?" ಎಂದರು.

"ಏನೂ ಬಿದ್ದಿಲ್ಲ."

"ಸಂಕೋಚ ಪಡ್ಬೇಡಿ," ಎಂದು ಅವರೂ ಹುಡುಕತೊಡಗಿದರು. ನೋಡನೋಡುತ್ತ ಏಳೆಂಟು ಜನ ಸೇರಿ, ನನ್ನ ಹುಲ್ಲನ್ನೆಲ್ಲ ತುಳಿದು ಸಪಾಟು ಮಾಡಿದರು. ಕೊನೆಗೆ ಯಾರಿಗೋ ಒಂದು ಬೀಗದ ಕೈ ಸಿಕ್ಕಿ ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನದಲ್ಲ ಎಂದರೆ ಕೇಳುವವರು ಯಾರು? ಆ ಕೈ ಈಗಲೂ ನಮ್ಮನೆಯಲ್ಲಿದೆ. ಯಾರೋ ಪಾಪ ಹೊರಗೆ ನಿಂತಿದ್ದಾರೆ.

ಗರಿಕೆ

ಅಂತೂ ನಮ್ಮ ಪಕ್ಕದ ಸೈಟಿನಲ್ಲೇ ಒಂದು ಗಿಡ ಸಿಕ್ಕಿತು. ತಂದು ತಾರಸಿಯ ಕುಂಡದಲ್ಲಿ ನೆಟ್ಟೆ. ಸಂಕಷ್ಟಿಯ ದಿನ ಕೆಳಗಿನ ಮನೆಯಾಕೆ ಬಂದು ಅದರ ಎಲೆ ಚಿವುಟಲು ಕೈ ಹಾಕಿದರು.

"ಮೇಡಂ, ಅದು ಗರಿಕೆ ಅಲ್ಲ! ಆಫ್ರಿಕಾದ ಹುಲ್ಲು. ದಯವಿಟ್ಟು ಮುಟ್ಬೇಡಿ. ನನ್ನ ಮರ್ಯಾದೆ ಅದರ ಮೇಲೆ ನಿಂತಿದೆ."

ಆಕೆ ಕೈ ಹಿಂತೆಗೆದುಕೊಂಡು ಕುಂಡವನ್ನೇ ನೋಡಿದರು. "ಪಾಪ, ಅಷ್ಟು ದೂರದಿಂದ ಬಂದಿದೆಯಾ?"

ಮರುದಿನದಿಂದ ಅದಕ್ಕೆ ಅಕ್ಕಿ ತೊಳೆದ ನೀರು ಶುರುವಾಯಿತು. ಗಣಪತಿಗೂ ಅಷ್ಟು ಉಪಚಾರ ನಡೆಯುತ್ತಿತ್ತೋ ಇಲ್ಲವೋ.

ಮರಣದ ನಿರೀಕ್ಷೆ

ಹುಲ್ಲು ತೆನೆ ಬಿಟ್ಟಿತು, ಬೀಜ ಉದುರಿಸಿತು. ಇನ್ನು ಸಾಯಬೇಕು. ನಾನು ಆಗಾಗ ಮಗಳ ಮನೆಗೆಂದು ಮೈಸೂರಿಗೆ ಹೋಗುತ್ತೇನೆ. ಪ್ರತಿ ಸಲವೂ ಬಂದು ತಾರಸಿ ಹತ್ತಿದರೆ ಹುಲ್ಲು ಮೊದಲಿಗಿಂತ ಹಸಿರು. ಚಳಿ ಮುಗಿಯಿತು, ಬಿಸಿಲು ಬಂತು, ಯುಗಾದಿಯೂ ಆಯಿತು. ಅದು ಜಪ್ಪಯ್ಯ ಅನ್ನಲಿಲ್ಲ.

ಸೋತು ವಿದ್ಯಾರ್ಥಿನಿಗೆ ಫೋನು ಮಾಡಿದೆ. "ನಾನು ಹೇಳಿದ್ದು ತಪ್ಪು. ಹಲವು ವರ್ಷ ಅಂತ ಬರಿಯಮ್ಮ."

"ಇರ್ಲಿ ಬಿಡಿ ಸಾರ್, ವಯಸ್ಸಾಯ್ತಲ್ಲ," ಎಂದಳು ಬಹಳ ಮೃದುವಾಗಿ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಮಾನದಿಂದ ಕುಂಡದ ಪಕ್ಕವೇ ಕುಸಿದು ಕೂತೆ.

ಚೊಂಬು ಹಿಡಿದು ಬಂದ ಕೆಳಗಿನ ಮನೆಯಾಕೆ ಗಾಬರಿಯಾದರು. "ಏನಾಯ್ತು ಸಾರ್?"

"ಈ ಹಾಳು ಹುಲ್ಲು ಸಾಯ್ತಾನೇ ಇಲ್ಲ ಮೇಡಂ. ಒಂದೇ ವರ್ಷಕ್ಕೆ ಸಾಯುತ್ತೆ ಅಂತ ಮಾತು ಕೊಟ್ಟಿದ್ದೆ."

ಆಕೆ ಚೊಂಬು ಕೆಳಗಿಟ್ಟರು.

"ನಿಮಗೆ ಹೇಳಬಾರದು ಅಂತಿದ್ದೆ. ನಿಮ್ಮದು ಸಂಕ್ರಾಂತಿಗೇ ಹೋಯ್ತು ಸಾರ್. ನೀವು ಮೈಸೂರಲ್ಲಿದ್ರಿ. ಬಂದು ನೋಡಿ ಎದೆ ಒಡ್ಕೊಂಡ್ರೆ ಅಂತ ಪಕ್ಕದ ಸೈಟಿಂದ ಬೇರೆ ತಂದು ನೆಟ್ಟೆ. ಅದೂ ಹೋಯ್ತು."

ನನಗೆ ಆದ ಸಂತೋಷ ಹೇಳತೀರದು. "ಹಾಗಾದ್ರೆ ಇದು?"

"ಉತ್ತರಹಳ್ಳಿಯಿಂದ ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ತಂದಿದ್ದು," ಎಂದು ಆಕೆ ಕಣ್ಣೊರೆಸಿಕೊಂಡರು. "ಇದು ಮೂರನೇದು ಸಾರ್. ಇದನ್ನಾದ್ರೂ ಚೆನ್ನಾಗಿ ನೋಡ್ಕೊಳ್ಳಿ."