ಬರೆದೋರು ಗಂಡೋ ಹೆಣ್ಣೋ?

ನಾನು ತುರುವೇಕೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ವಾರಪತ್ರಿಕೆಯೊಂದಕ್ಕೆ ಆಗಾಗ ಬರೀತೀನಿ. ಹೆಸರು ಉದ್ದ, ಅದಕ್ಕೇ ಬರೀ ಎರಡು ಇನಿಷಿಯಲ್ ಹಾಕ್ತೀನಿ. ಆ ಎರಡಕ್ಷರದ ಹಿಂದೆ ಇರೋದು ಸೀರೆಯೋ ಪಂಚೆಯೋ ಅಂತ ಜನ ಊಹೆ ಮಾಡ್ತಾನೇ ಇರ್ತಾರೆ, ಊಹೆ ತಪ್ಪುತ್ತಾನೇ ಇರುತ್ತೆ.

ಸಾರ್‌ಗೆ ಫೋನ್ ಕೊಡಮ್ಮ

ಮೊದಲ ಲೇಖನ ತೆಂಗಿಗೆ ಬೀಳೋ ಕಪ್ಪುತಲೆ ಹುಳದ ಮೇಲೆ. ತಿಪಟೂರಿನಿಂದ ಸಂಪಾದಕರೇ ಫೋನ್ ಮಾಡಿದರು.

"ಸಾರ್‌ಗೆ ಕೊಡಮ್ಮ."

"ಯಾವ ಸಾರ್?"

"ಹುಳದ ಲೇಖನ ಬರೆದೋರು."

"ನಾನೇ ಕಣ್ರೀ ಬರೆದಿದ್ದು."

"ಕ್ಷಮಿಸಿ ಮೇಡಂ. ಒಂದೇ ಪುಟಕ್ಕೆ ಮುಗಿದಿತ್ತು ನೋಡಿ, ಗಂಡಸ್ರೇ ಇರಬೇಕು ಅಂದ್ಕೊಂಡೆ. ಹೆಂಗಸ್ರು ಇಷ್ಟು ಬೇಗ ಮಾತು ಮುಗಿಸಲ್ಲ ಅನ್ನೋದು ನಮ್ಮನೆ ಅನುಭವ."

ಅವರ ಬೆನ್ನ ಹಿಂದಿನಿಂದ "ಏನಂದ್ರಿ?" ಅಂತ ಒಂದು ಹೆಣ್ಣು ದನಿ ಕೇಳಿಸಿತು. ಫೋನ್ ಕಟ್ಟಾಯ್ತು.

ವಾರ, ತಿಥಿ ಸಮೇತ

ನಮ್ಮ ತೋಟದ ಟಿ.ಸಿ., ಅಂದ್ರೆ ಕರೆಂಟಿನ ಟ್ರಾನ್ಸ್‌ಫಾರ್ಮರ್, ಸುಟ್ಟುಹೋಯ್ತು. ಯಜಮಾನರ ಹೆಸರಲ್ಲಿ ನಾನೇ ಅರ್ಜಿ ಬರೆದುಕೊಟ್ಟೆ. ಕರೆಂಟ್ ಆಫೀಸಿನವರು ಓದಿ, ಕನ್ನಡಕ ತೆಗೆದು, "ಮನೆಯೋರ ಕೈಲಿ ಬರೆಸಿದ್ರಾ?" ಅಂದರಂತೆ.

"ಹೆಂಗ್ ಗೊತ್ತಾಯ್ತು ಸಾರ್?"

"ಹೋದ ವರ್ಷ ನಾನು 'ನಾಳೆ ಬತ್ತೀನಿ' ಅಂದಿದ್ನ ವಾರ, ತಿಥಿ ಸಮೇತ ಬರೆದವ್ರೆ. ಆವತ್ತು ನಾನು ಯಾವ ಬಣ್ಣದ ಶರ್ಟ್ ಹಾಕಿದ್ದೆ ಅಂತಲೂ ಐತೆ!"

ಮಾರನೇ ದಿನವೇ ಹೊಸ ಟಿ.ಸಿ. ಬಂತು. ಅವರ ಮನೆಯವರಿಗೂ ಜ್ಞಾಪಕಶಕ್ತಿ ಚೆನ್ನಾಗಿರಬೇಕು.

ಪಾಪ, ನಾಚಿಕೆಯ ಹುಡುಗಿ

ನಮ್ಮ ಸ್ಟಾಫ್‌ರೂಮಿನಲ್ಲಿ ಹಿರಿಯ ಮೇಷ್ಟ್ರೊಬ್ಬರಿದ್ದರು. "ಹೆಸರು ಮುಚ್ಚಿ ಕೊಡಮ್ಮ, ನಾಲ್ಕು ಸಾಲು ಓದಿ ಗಂಡೋ ಹೆಣ್ಣೋ ಹೇಳ್ತೀನಿ" ಅನ್ನೋರು. ಒಂದು ದಿನ ಲೈಬ್ರರಿಯ ದೂಳಲ್ಲಿ ಹಳೇ ಕಾಲೇಜು ಮ್ಯಾಗಜಿನ್ ಸಿಕ್ಕಿತು. ಅದರಲ್ಲಿ ಚಂದ್ರನ ಮೇಲೆ ಒಂದು ಪದ್ಯ. ಹೆಸರಿನ ಮೇಲೆ ಡಸ್ಟರ್ ಇಟ್ಟು ಮುಂದೆ ಹಿಡಿದೆ.

ಎರಡು ಸಲ ಓದಿದರು. ಕಣ್ಣು ಒದ್ದೆಯಾಯ್ತು. "ಹೆಣ್ಣು. ಅನುಮಾನವೇ ಬೇಡ. ಪಾಪ, ನಾಚಿಕೆ ಸ್ವಭಾವ. ಮದುವೆ ಆದ್ಮೇಲೆ ಬರೆಯೋದು ಬುಟ್ಟಿರ್ತಾಳೆ."

ಡಸ್ಟರ್ ತೆಗೆದೆ. ಅವರದೇ ಹೆಸರು, ಪಕ್ಕದಲ್ಲಿ ಮೀಸೆ ಚಿಗುರಿದ ಫೋಟೋ.

ಮೇಷ್ಟ್ರು ಡಸ್ಟರನ್ನ ಮತ್ತೆ ಫೋಟೋ ಮೇಲಿಟ್ಟರು. "ಮದುವೆ ಆದ್ಮೇಲೆ ಬುಟ್ಟಿದ್ದು ಮಾತ್ರ ನಿಜ ಕಣಮ್ಮ" ಅಂದರು.

ಕಂದಿಕೆರೆಯ ಸಂಬಂಧ

ಕಂದಿಕೆರೆ ಕಡೆಯ ಹಿರಿಯರೊಬ್ಬರು ನನ್ನ ಲೇಖನಗಳನ್ನೆಲ್ಲ ಕತ್ತರಿಸಿಟ್ಟುಕೊಂಡಿದ್ದರು. ಬರೆಯೋ ಧಾಟಿ ನೋಡಿ, ಇದು ಯಾರೋ ತೋಟವಂತರ ಮನೆಯ ಗಂಭೀರವಾದ ಹುಡುಗ ಅಂತ ತೀರ್ಮಾನ ಮಾಡಿ, ಮಗಳ ಜಾತಕ ಹಿಡಿದು ನಮ್ಮ ಮನೆಗೇ ಬಂದರು. ಜಗಲಿ ಮೇಲೆ ಯಜಮಾನರು ಕೂತಿದ್ದರು. ನಾನು ಅಡುಗೆಮನೆಯಲ್ಲಿದ್ದೆ, ಎಲ್ಲಾ ಕೇಳಿಸ್ತಿತ್ತು.

"ಲೇಖಕರು ಮನೇಲವ್ರಾ?"

ಅವರು ಗೌರವ ಕೊಟ್ಟು ಕೇಳಿದರು ಅಂತ ನಮ್ಮವರೂ ಗೌರವ ಕೊಟ್ಟೇ ಹೇಳಿದರು: "ಒಳಗೆ ಕಾಫಿ ಕಾಯಿಸ್ತಾವ್ರೆ."

"ಅಡುಗೆನೂ ಬತ್ತದಾ?"

"ಮೂರು ಹೊತ್ತೂ ಅವ್ರದ್ದೇ."

"ಬಟ್ಟೆ ಗಿಟ್ಟೆ?"

"ನಂದೂ ಅವ್ರೇ ಒಗೆಯೋದು."

"ಅಯ್ಯಯ್ಯಪ್ಪ, ನನ್ ಮಗಳು ಪುಣ್ಯ ಮಾಡಿದ್ಲು ಬುಡಿ! ಮದುವೆ ಮಾತೇನಾದ್ರೂ ನಡೆದೈತಾ?"

"ಆಗೇ ಹೋಗೈತಲ್ರೀ!"

"ಯಾರ ಜೊತೆ?"

"ನಂಜೊತೇಲೆ."

ಹಿರಿಯರು ನಮ್ಮವರ ಮೀಸೆಯನ್ನೊಮ್ಮೆ ನೋಡಿದರು. ಜಾತಕವನ್ನ ಮೆಲ್ಲಗೆ ಚೀಲಕ್ಕೆ ಸೇರಿಸಿದರು. ಅಷ್ಟೊತ್ತಿಗೆ ನಾನು ಕಾಫಿ ಹಿಡಿದು ಹೊರಗೆ ಬಂದೆ. ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, ಬಲು ಸಂಕಟದಿಂದ ಕೇಳಿದರು:

"ತಾಯಿ, ಇವ್ರಿಗೂ ಒಳಗಿರೋ ಲೇಖಕರಿಗೂ ನೀವು ಏನಾಗ್ಬೇಕು?"