ಹಸಿರು ಬಟ್ಟೆಗೆ ಕೇರಂ ಪೌಡರ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಇದನ್ನು ಓದಿ ಯಾರಾದರೂ ನಕ್ಕರೆ ಅವರ ಮೇಲೂ ಬರುತ್ತದೆ.

ದಾಂಡೇಲಿಯ ಬಂಗೂರನಗರದ ನಮ್ಮ ಕೇರಂ ಕೋಣೆಯಲ್ಲಿ ಇಪ್ಪತ್ತು ವರ್ಷದಿಂದ ನನ್ನನ್ನು ಸೋಲಿಸಿದವರಿಲ್ಲ. ಹೀಗಿರಲು, ಕೋಗಿಲಬನದ ಕಡೆಯ ಒಂದು ರೆಸಾರ್ಟಿನಲ್ಲಿ ವೃತ್ತಿಪರ ಆಟಗಾರರ ಪೂಲ್ ಚಾಂಪಿಯನ್‌ಶಿಪ್ ನಡೆಯಲಿದೆಯೆಂದೂ, ದಾಂಡೇಲಿಯ ಒಬ್ಬರಿಗೆ ಅದರಲ್ಲಿ ನೇರ ಪ್ರವೇಶವೆಂದೂ, ಆ ಹೆಸರನ್ನು ನಮ್ಮ ಕೋಣೆಯವರೇ ಸೂಚಿಸಬೇಕೆಂದೂ ಪತ್ರ ಬಂತು. ಪೂಲ್ ಎಂದರೇನು? ಹಸಿರು ಬಟ್ಟೆಯ ಮೇಜು, ಆರು ಪಾಕೆಟ್ಟು. ಕೋಲಿನಿಂದ ಬಿಳಿ ಚೆಂಡು ಹೊಡೆದು ಬಣ್ಣದ ಚೆಂಡುಗಳನ್ನು ಪಾಕೆಟ್ಟಿಗೆ ಬೀಳಿಸುವುದು. ಕೇರಂ ಬೋರ್ಡಿಗೆ ಕಾಲು ಬಂದರೆ ಪೂಲ್. ನನ್ನ ತಿಳಿವಳಿಕೆ ಇಷ್ಟೇ ಇತ್ತು, ಇಷ್ಟೇ ಸಾಕು ಎಂದುಕೊಂಡಿದ್ದೆ.

ಎಲ್ಲರೂ ಬಾಬಾಜಾನನ ಹೆಸರು ಹೇಳಿದರು. ಅವನು ನನ್ನ ಗೆಳೆಯ, ಗ್ಯಾರೇಜ್ ಇಟ್ಟಿದ್ದಾನೆ. ಹಿಂದೆ ಗೋವಾದಲ್ಲಿ ಮೆಕ್ಯಾನಿಕ್ ಆಗಿದ್ದಾಗ ದಿನಾ ಸಂಜೆ ಪೂಲ್ ಆಡಿದವನು. ಎಂದೂ ಯಾರಲ್ಲೂ ಏನನ್ನೂ ಕೇಳದ ಮನುಷ್ಯ ಅಂದು ಬಾಯಿಬಿಟ್ಟು ಕೇಳಿದ.

"ಈರಪ್ಪಣ್ಣಾ, ಇದೊಂದ ಸಲ ನಾ ಆಡ್ತೇನ್ರಿ. ಭಾಳ ದಿನದ ಆಸೆ ಐತ್ರಿ."

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. "ಇಪ್ಪತ್ತ ವರ್ಷದಾಗ ಒಮ್ಮೆರೆ ನನ್ನ ಸೋಲಿಸೀಯೇನ ನೀ? ಊರ ಮಾನದ ಪ್ರಶ್ನೆ ಐತಿ ಇದು" ಎಂದು ಬೋರ್ಡು ಗುದ್ದಿದೆ. ಕಾಯಿಗಳೆಲ್ಲ ಹಾರಿ ಕೆಳಗೆ ಬಿದ್ದವು. ಬಾಬಾಜಾನ್ ಬಗ್ಗಿ ಅವನ್ನು ಒಂದೊಂದಾಗಿ ಆಯ್ದು ಡಬ್ಬಿಗೆ ತುಂಬಿದ. "ಆತ್ರಿ, ನೀವ ಆಡ್ರಿ" ಎಂದ.

ಮನೆಯಲ್ಲಿ ಹೆಂಡತಿ ಸುವರ್ಣಾ ಕೇಳಿದಳು: "ಕೋಲ ಹಿಡ್ಯೂದರ ಗೊತ್ತೈತೇನ್ರಿ ನಿಮಗ?"

"ಜೇಡರ ಬಲಿ ತಗಿಯೂ ಕೋಲ ಹಿಡದಿಲ್ಲೇನ ನಾ?"

"ಅದನ್ನೂ ನಾನ ಹಿಡ್ಯಾಕಿ."

ನಾನು ಊಟ ಬಿಟ್ಟು ಎದ್ದೆ. ಆಮೇಲೆ ಹಸಿವಾಯಿತು, ಅದು ಬೇರೆ ಮಾತು.

ಪಂದ್ಯದ ದಿನ ನನ್ನ ಎದುರಾಳಿ ಮುಂಬೈಯ ಒಬ್ಬ ತೆಳ್ಳನೆಯ ಹುಡುಗ, ಕರಿ ಕೋಟಿನವನು. ಮೇಜಿನ ಅಂಚಿನಲ್ಲಿ ಕೋಲಿನ ತುದಿಗೆ ಉಜ್ಜಲು ನೀಲಿ ಸೀಮೆಸುಣ್ಣದ ತುಂಡು ಇಟ್ಟಿದ್ದರು. ಪೌಡರ್ ಮಾತ್ರ ಎಲ್ಲೂ ಇಲ್ಲ. ಇಷ್ಟು ದೊಡ್ಡ ಚಾಂಪಿಯನ್‌ಶಿಪ್ಪು, ಪೌಡರ್ ತರುವ ಬುದ್ಧಿಯಿಲ್ಲ! ಪುಣ್ಯಕ್ಕೆ ನಮ್ಮ ಕೋಣೆಯ ಡಬ್ಬಿ ನನ್ನ ಜೇಬಿನಲ್ಲಿತ್ತು. ಹಸಿರು ಬಟ್ಟೆಯ ಮೇಲೆ ಧಾರಾಳವಾಗಿ ಸುರಿದು, ಅಂಗೈಯಿಂದ ಚೆನ್ನಾಗಿ ತಿಕ್ಕಿದೆ.

ರೆಫರಿ ಓಡಿಬಂದ. ಬೆಂಗಳೂರಿನವನು. "ಏನ್ ಮಾಡ್ತಿದ್ದೀರಾ ಸರ್? ಇದು ಉಣ್ಣೆ ಬಟ್ಟೆ!"

"ಸರಕೊಂಡ ಹೋಗ್ಲಿ ಅಂತ ಹಾಕೇನ್ರಿ."

"ಚೆಂಡು ಸರಿದು ಹೋಗಲ್ಲ ಸರ್. ಉರುಳತ್ತೆ."

ಮಾತು ನಿಜವಾಗಿತ್ತು, ಹಾಗಾಗಿ ಇನ್ನಷ್ಟು ಸಿಟ್ಟು ಬಂತು. ನಮ್ಮನ್ನು ಪಕ್ಕದ ಮೇಜಿಗೆ ಕಳಿಸಿ, ಬಟ್ಟೆ ಸ್ವಚ್ಛ ಮಾಡಲು ಯಾರಿಗೋ ಫೋನ್ ಮಾಡಿದರು. ಬಂದವನು ಬಾಬಾಜಾನ್. ಆ ಮೇಜುಗಳನ್ನು ಜೋಡಿಸಿ, ಕಾಲುಗಳ ಮಟ್ಟ ನೋಡಿಕೊಟ್ಟವನು ಅವನೇ ಅಂತೆ. ನನಗೆ ನಮಸ್ಕಾರ ಮಾಡಿ ಬ್ರಷ್ ಹಿಡಿದು ಕೆಲಸಕ್ಕೆ ನಿಂತ.

ಆಟ ಶುರುವಾಯಿತು. ಮುಂಬೈಯ ಹುಡುಗ ಮೇಜಿನ ಸುತ್ತ ತಿರುಗಾಡಿ ಬೇಕಾದ ಕಡೆಯಿಂದೆಲ್ಲ ಹೊಡೆಯತೊಡಗಿದ. ಕೇರಂನಲ್ಲಿ ಕುರ್ಚಿ ಬಿಟ್ಟು ಎದ್ದರೆ ತಪ್ಪು. "ತಮ್ಮಾ, ಒಂದ ಕಡೆ ನಿಂತ ಆಡು" ಎಂದೆ. ಅವನಿಗೆ ಕನ್ನಡ ಬಾರದು, ನಕ್ಕ. ನಾಲ್ಕು ಚೆಂಡು ಹಾಕಿ ಐದನೆಯದಕ್ಕೆ ಗುರಿ ತಪ್ಪಿದ.

ನನ್ನ ಸರದಿ. ಒಂದು ಕಪ್ಪು ಚೆಂಡು ಪಾಕೆಟ್ಟಿನ ಬಾಯಲ್ಲೇ ನಿಂತಿತ್ತು. ಬಣ್ಣಬಣ್ಣದ ಚೆಂಡುಗಳ ನಡುವೆ ಕಪ್ಪು ಒಂದೇ. ಕೇರಂನಲ್ಲಿ ಕೆಂಪು ಒಂದೇ, ಅದು ಕ್ವೀನ್. ಅದನ್ನು ಬೀಳಿಸಿ, ಬೆನ್ನಿಗೇ ಇನ್ನೊಂದು ಕಾಯಿ ಬೀಳಿಸಿದರೆ ಅದು ಕವರ್. ಲೆಕ್ಕ ಸರಿಹೋಯಿತು. ಹೊಡೆದೆ. ಕಪ್ಪು ಚೆಂಡು ಠಪ್ಪನೆ ಬಿತ್ತು.

"ಕ್ವೀನ್ ಬಿತ್ತು. ಈಗ ಕವರ್ ತಗೋತೇನಿ" ಎಂದು ಸಭೆಗೆ ಕೇಳುವಂತೆ ಸಾರಿದೆ.

ಹುಡುಗ ಬಂದು ಕೈ ಕುಲುಕಿದ. ದೊಡ್ಡ ಮನಸ್ಸಿನವನು ಎಂದುಕೊಂಡೆ. ಅವನು ಕೋಲನ್ನು ಬಿಚ್ಚಿ ಪೆಟ್ಟಿಗೆಗೆ ಹಾಕತೊಡಗಿದ.

"ಏ ತಮ್ಮಾ, ಎಲ್ಲಿ ಹೊಂಟಿ? ಕವರ್ ಆಗಿಲ್ಲ ಇನ್ನೂ."

ರೆಫರಿ ಮೆಲ್ಲಗೆ ಹೇಳಿದ: "ಕಪ್ಪು ಚೆಂಡು ಎಲ್ಲದಕ್ಕೂ ಕೊನೆಗೆ ಹಾಕ್ಬೇಕು ಸರ್. ಮೊದಲೇ ಬಿದ್ರೆ ಸೋತ ಹಾಗೆ. ಮೊದಲ ಸುತ್ತು ಒಂದೇ ಆಟ."

ನಾನು ಕೂಗಾಡಿದೆ. ನಿಯಮ ಬರೆದವನನ್ನು ಬೈದೆ, ಮುಂಬೈಯನ್ನು ಬೈದೆ, ಸೀಮೆಸುಣ್ಣವನ್ನು ಬೈದೆ. ಸ್ವಲ್ಪ ಹೊತ್ತಿನಲ್ಲಿ ಯಾರೂ ನನ್ನ ಕಡೆ ನೋಡುತ್ತಿಲ್ಲವೆಂದು ತಿಳಿಯಿತು. ಎಲ್ಲರೂ ಪಕ್ಕದ ಮೇಜು ನೋಡುತ್ತಿದ್ದರು.

ಬಾಬಾಜಾನ್ ಬಟ್ಟೆ ಸ್ವಚ್ಛ ಮಾಡಿ ಮುಗಿಸಿದ್ದ. ಚೆಂಡು ಸರಿಯಾಗಿ ಉರುಳುತ್ತದೋ ಇಲ್ಲವೋ ನೋಡಲು ಕೋಲು ಹಿಡಿದಿದ್ದ. ಒಂದು ಬಿತ್ತು, ಎರಡು ಬಿತ್ತು, ಒಂದೂ ತಪ್ಪದೆ ಎಲ್ಲವೂ ಬಿದ್ದವು. ಕಟ್ಟಕಡೆಗೆ ಕಪ್ಪು. ಮುಂಬೈಯ ಹುಡುಗ ಪೆಟ್ಟಿಗೆ ಕೆಳಗಿಟ್ಟು ನಿಂತೇ ಇದ್ದ.

"ನೀವ್ಯಾಕೆ ಹೆಸರು ಕೊಡ್ಲಿಲ್ಲ?" ಎಂದು ರೆಫರಿ ಕೇಳಿದ.

"ನಮ್ಮೂರಿಂದ ಒಬ್ರಿಗೇ ಜಾಗಾ ಇತ್ರಿ. ನಮ್ಮ ಈರಪ್ಪಣ್ಣ ಬಂದಾರಲ್ರಿ" ಎಂದ ಬಾಬಾಜಾನ್.

ಆ ಮಾತಿನಲ್ಲಿ ಕೊಂಕಿರಲಿಲ್ಲ. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಸಿಟ್ಟು ತೀರಿಸಿಕೊಳ್ಳಲು ನನ್ನನ್ನು ಬಿಟ್ಟು ಬೇರೆ ಯಾರೂ ಸಿಗಲಿಲ್ಲ.

ಭಾನುವಾರ ಕೇರಂ ಕೋಣೆಯಲ್ಲಿ ಎಲ್ಲರೆದುರು "ಬಾಬಾ, ನಂದ ತಪ್ಪಾತು. ಆ ಜಾಗಾ ನಿಂದಿತ್ತು" ಎಂದೆ. ಅವನು ಬೋರ್ಡಿನ ಮುಂದೆ ನನ್ನೆದುರು ಆಡುತ್ತಿದ್ದ. ಗುರಿಯಿಟ್ಟು ಕ್ವೀನ್ ಬೀಳಿಸಿ, ಎದ್ದು ನಿಂತು ನನ್ನತ್ತ ಕೈ ಚಾಚಿದ.

"ಮದಲ ಕವರ್ ತಗೊಳಪಾ" ಎಂದೆ.

"ಬ್ಯಾಡ್ರಿ ಅಣ್ಣಾ. ಕ್ವೀನ್ ಹಾಕಿದ ಮ್ಯಾಲ ಕೈ ಕುಲಕಿ ಮನೀಗಿ ಹೋಗೂದ ಅಲ್ಲೇನ್ರಿ ನಮ್ಮೂರ ಪದ್ಧತಿ?"

ಕೋಣೆಯೆಲ್ಲ ಬಿದ್ದು ಬಿದ್ದು ನಕ್ಕಿತು. ನನಗೆ ಕೆಂಡದಂಥ ಸಿಟ್ಟು ಬಂತು. ಹಿಡಿ ಪೌಡರ್ ಎತ್ತಿ ಎರಚಬೇಕೆಂದು ಡಬ್ಬಿಗೆ ಕೈ ಹಾಕಿದೆ. ಖಾಲಿ. ಇದ್ದದ್ದನ್ನೆಲ್ಲ ನಾನೇ ರೆಸಾರ್ಟಿನಲ್ಲಿ ಸುರಿದು ಬಂದಿದ್ದೆ.